ಸಮಾವೇಶಕ್ಕೆ ಬಸ್ಸು ಕಳಿಸಿ ಅಂತಾರೆ, ಡೈರೆಕ್ಟರ್ ಆದವನು ಏನು ಮಾಡಬೇಕು?

ಕ್ಯೂರಿಂಗ್ ಹುಡುಗ, ಚಿಕ್ಕಮಗಳೂರು
ನಮ್ಮದು ಮನೆಯವರೇ ನಡೆಸುವ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಹೊಟ್ಟು ಬಿಡಿಸಿ ಕಾಳು ವಿಂಗಡಿಸೋ ಫ್ಯಾಕ್ಟರಿ), ಪ್ರೈವೇಟ್ ಲಿಮಿಟೆಡ್. ದೊಡ್ಡಪ್ಪ ಎಂಡಿ, ನಾನು ಡೈರೆಕ್ಟರ್. ಹೋದ ವಾರ ಒಬ್ಬ ಮುಖಂಡರ ಕಡೆಯವರು ಬಂದಿದ್ದರು. ದುಡ್ಡು ಕೇಳಲಿಲ್ಲ. ಸಮಾವೇಶಕ್ಕೆ ನಾಲ್ಕು ಬಸ್ಸು ಮಾಡಿಸಿ, ಕಾಳು ಆರಿಸುವ ಹೆಂಗಸರನ್ನೆಲ್ಲ ಕಳಿಸಿ ಅಂದರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿಮ್ಮ ಲೈಸೆನ್ಸ್ ರಿನೀವಲ್ ಫೈಲು ಎಲ್ಲಿಗೆ ಬಂತು ಸಾರ್?" ಅಂತ ವಿಚಾರಿಸಿದರು. ನಾವು ಫೈಲಿನ ಮಾತೇ ಎತ್ತಿರಲಿಲ್ಲ!

"ಫ್ಯಾಕ್ಟರಿ ನಿಂತರೆ ಆ ಹೆಂಗಸರ ಕೂಲಿಯೇ ಹೋಗುತ್ತೆ, ಕಳಿಸೋಣ" ಅಂತಾರೆ ದೊಡ್ಡಪ್ಪ. ಸುಳ್ಳಲ್ಲ. ಆದರೆ ಮೂಟೆ ಲೋಡ್ ಮಾಡಿದ ಹಾಗೆ ಅವರನ್ನು ಬಸ್ಸಿಗೆ ಹತ್ತಿಸೋಕೆ ನಮಗೇನು ಹಕ್ಕಿದೆ?

ಮೂಡಿಗೆರೆ ಬೆಳೆಗಾರ
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕಳಿಸಿ. ನಿಮ್ಮ ಮೆಷಿನ್ ನಿಂತರೆ ನಮ್ಮ ಪಾರ್ಚ್‌ಮೆಂಟ್ (ಹೊಟ್ಟು ಬಿಡಿಸದ ಕಾಫಿ) ಎಲ್ಲಿಗೆ ಒಯ್ಯೋಣ? ನಾಳೆ ಇನ್ನೊಂದು ಪಕ್ಷ ಕೇಳಿದರೆ ಅವರಿಗೂ ಕಳಿಸಿ.

ಹಾಸನದ ಆಡಿಟರ್
ಕಂಪನಿ ಕಾಯ್ದೆ 2013ರ ಸೆಕ್ಷನ್ 182 ನೋಡಿ. ಕಂಪನಿ ಪಕ್ಷಕ್ಕೆ ದೇಣಿಗೆ ಕೊಡಬಹುದು. ಆದರೆ ಬೋರ್ಡ್ ಮೀಟಿಂಗ್‌ನಲ್ಲಿ ನಿರ್ಣಯ ಆಗಬೇಕು, ಲಾಭ-ನಷ್ಟದ ಲೆಕ್ಕದಲ್ಲಿ ತೋರಿಸಬೇಕು, ನಗದು ಕೊಡೋ ಹಾಗಿಲ್ಲ. ಪಕ್ಷಕ್ಕೆ ಜನಬೆಂಬಲ ತರೋ ಕೆಲಸಕ್ಕೆ ಅಂತ ಗೊತ್ತಿದ್ದು ಬೇರೆಯವರಿಗೆ ಕೊಟ್ಟ ದುಡ್ಡೂ ದೇಣಿಗೆಯೇ. ಈ ಬಸ್ ಬಾಡಿಗೆಯನ್ನು ನೀವು 'ಸಾಗಾಣಿಕೆ ವೆಚ್ಚ' ಅಂತ ಬರೆಸ್ತೀರಿ, ಅಲ್ವಾ? ಅಂಥ ಪುಸ್ತಕ ಬೇಕಾದಷ್ಟು ನೋಡಿದ್ದೇನೆ. ಸಿಕ್ಕಿಬಿದ್ದರೆ ಕೊಟ್ಟದ್ದರ ಐದು ಪಟ್ಟಿನವರೆಗೆ ದಂಡ, ಜವಾಬ್ದಾರರಿಗೆ ಆರು ತಿಂಗಳವರೆಗೆ ಜೈಲು.

ಫೈಲು ಓಡಲಿ ಅಂತ ಕೊಟ್ಟರೆ ಲಂಚದ ಕೇಸೇ ಆಗಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಬಚಾವು.

ಸಕಲೇಶಪುರ ಮೇಷ್ಟ್ರು
1961ರಲ್ಲಿ ಜೆ.ಆರ್.ಡಿ. ಟಾಟಾ, ಕಾಂಗ್ರೆಸ್ಸಿನ ಎದುರಾಳಿ 'ಸ್ವತಂತ್ರ ಪಕ್ಷ'ಕ್ಕೂ ದೇಣಿಗೆ ಕೊಡ್ತೀವಿ ಅಂತ ನೆಹರೂಗೇ ಪತ್ರ ಬರೆದು ತಿಳಿಸಿದ್ದರು. ಕೊಟ್ಟದ್ದು ಸರಿಯೋ ತಪ್ಪೋ, ಕದ್ದುಮುಚ್ಚಿ ಕೊಡಲಿಲ್ಲ. 2018ರ ಚುನಾವಣಾ ಬಾಂಡಿನಲ್ಲಿ, ಕೊಟ್ಟವರ ಹೆಸರು ಜನರಿಗೆ ತಿಳಿಯದ ಹಾಗೆ ಮುಚ್ಚಿ ಕೊಡೋದೇ ಕಾನೂನಾಯ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ದೊಡ್ಡಪ್ಪ ಈ ಬಸ್ಸಿನ ವಿಷಯ ಷೇರುದಾರರ ಎದುರು ಬಾಯಿಬಿಟ್ಟು ಹೇಳ್ತಾರಾ?

ಮೂಡಿಗೆರೆ ಬೆಳೆಗಾರ
ಟಾಟಾ ಪತ್ರ ಬರೆದರೆ ಪ್ರಧಾನಿ ಓದ್ತಾರೆ ಮೇಷ್ಟ್ರೇ. ನಾವು ಬರೆದರೆ ತಾಲೂಕು ಆಫೀಸಿನವರೂ ಓದಲ್ಲ.

ಕ್ಯೂರಿಂಗ್ ಹುಡುಗ, ಚಿಕ್ಕಮಗಳೂರು
ಅದೂ ನಿಜವೇ. ಇವತ್ತು ಶೆಡ್ಡಿನಲ್ಲಿ ಒಬ್ಬ ಹಿರಿಯ ಹೆಂಗಸನ್ನು ಕೇಳಿದೆ. "ಕೂಲಿ ಹಿಡಿಯಲ್ಲ ಅಂದ್ರೆ ಹೋಗ್ತೀವಿ. ಹೋದ್ಸಲ ಇನ್ನೊಂದು ಪಕ್ಷದೋರು ಊಟಾನೂ ಹಾಕಿದ್ರು" ಅಂದರು, ಮೊರದಿಂದ ತಲೆ ಎತ್ತದೆ. ಕೂಲಿ ಕೊಡೋನೇ ಹೋಗಿ ಕೇಳಿದರೆ ಇನ್ನೇನು ಹೇಳ್ತಾರೆ? ನನಗಂತೂ ಅದು ಒಪ್ಪಿಗೆ ಅನ್ನಿಸಲಿಲ್ಲ.

ಆಡಿಟರ್ ಸಾರ್, ದೊಡ್ಡಪ್ಪ ನಿರ್ಣಯ ಮಾಡಿಸಿಯೇ ಕಳಿಸಿದರೆ, ನನ್ನ ವಿರೋಧವನ್ನು ಮೀಟಿಂಗ್ ನಡಾವಳಿಯ ಮಿನಿಟ್ಸ್‌ನಲ್ಲಿ ಬರೆಸಬಹುದಾ?

ಹಾಸನದ ಆಡಿಟರ್
ಬರೆಸಿ. ಸೆಕ್ಷನ್ 118ರ ಪ್ರಕಾರ ಒಪ್ಪದ ಡೈರೆಕ್ಟರ್‌ಗಳ ಹೆಸರು ಮಿನಿಟ್ಸ್‌ನಲ್ಲಿ ಇರಲೇಬೇಕು. ಮೀಟಿಂಗ್‌ಗೆ ಏಳು ದಿನ ಮೊದಲು ನೋಟಿಸ್ ಕೊಡಬೇಕು, ಅಜೆಂಡಾದಲ್ಲಿ ಪಕ್ಷದ ಹೆಸರು ಹಾಕಿಸಿ. ಅಷ್ಟು ಹೊತ್ತಿಗೆ ನಿಮ್ಮ ದೊಡ್ಡಪ್ಪನೇ ಬೇಡ ಅಂದರೂ ಅನ್ನಬಹುದು.