ಹೊಸ ಮನೆಯ ಅಂಗಳಕ್ಕೆ ಮೊದಲು ಏನು ಮಾಡಿಸಬೇಕು? ಉಡುಪಿ, ಮಂಗಳೂರಿನವರ ಅನುಭವ

ಪ್ರಶ್ನೆ, ಬ್ರಹ್ಮಾವರದಿಂದ:
ಮನೆ ಕೆಲಸ ಮುಗಿಯುತ್ತಾ ಬಂತು. 15 ಸೆಂಟ್ಸ್ ಜಾಗ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ನೆಲ. ಹಿಂದೆ ಆಳೆತ್ತರದ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ ಉಂಟು. ಎದುರು ಪೂರ್ತಿ ಇಂಟರ್‌ಲಾಕ್ (ಸಿಮೆಂಟ್ ಬ್ಲಾಕಿನ ನೆಲಹಾಸು), ಬದಿಯಲ್ಲಿ ಲಾನ್, ಸುತ್ತ ತೆಂಗು ಅಂತ ಯೋಚನೆ. ಮಾಡಿಸಿದವರು ಹೇಳಿ, ಯಾವುದು ಮೊದಲು?

ಹಿರಿಯಡ್ಕದಿಂದ:
ಗಿಡ ಆಮೇಲೆ ಮಾರಾಯ್ರೆ, ಮೊದಲು ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. 1000 ಚದರ ಅಡಿಯ ತಾರಸಿಗೇ ಮೂರೂವರೆ ಲಕ್ಷ ಲೀಟರ್‌ಗಿಂತ ಜಾಸ್ತಿ ನೀರು ಬೀಳುತ್ತದೆ. ಅದರ ಮೇಲೆ ಅಂಗಳಕ್ಕೂ ಪೂರ್ತಿ ಇಂಟರ್‌ಲಾಕ್ ಹಾಕಿದರೆ ಅಷ್ಟೂ ನೀರು ಎಲ್ಲಿಗೆ ಹೋಗಬೇಕು? ಸಾಧ್ಯವಾದರೆ ಒಂದು ಮಳೆಗಾಲ ಅಂಗಳವನ್ನು ಹಾಗೇ ಬಿಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊಚ್ಚುತ್ತದೆ ಅಂತ ಕೊಡೆ ಹಿಡಿದು ನೋಡಿ. ಡ್ರಾಯಿಂಗ್ ಮಾಡುವವರು ಬೇಸಿಗೆಯಲ್ಲಿ ಬಂದು ಹೋದರೆ ಇದು ಗೊತ್ತಾಗುವುದಿಲ್ಲ.

ನಿಮ್ಮ ಧರೆಯ ವಿಷಯ ಸ್ವಲ್ಪ ಗಂಭೀರ. ಮೇಲೆ ಗಟ್ಟಿ ಮುರ ಇದ್ದರೂ ಅಡಿಯಲ್ಲಿ ಬಿಳಿ, ಹಳದಿ ಶೇಡಿ ಮಣ್ಣು ಇರಬಹುದು. ಒಣಗಿದಾಗ ಕಲ್ಲಿನ ಹಾಗೆ ಇರುತ್ತದೆ, ನೀರು ಕುಡಿದರೆ ಕುಸಿಯುತ್ತದೆ. ಧರೆಯ ಮೇಲ್ಗಡೆ ಇಂಗುಗುಂಡಿ ಬೇಡವೇ ಬೇಡ. ಮೇಲಿನ ನೀರನ್ನು ಚರಂಡಿ ಮಾಡಿ ಬದಿಗೆ ತಿರುಗಿಸಿ. ಇಳಿಜಾರಿನಲ್ಲಿ ಲಾವಂಚ ನೆಟ್ಟರೆ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಆದರೆ ನೆಟ್ಟಗೆ ಕಡಿದ ಧರೆಗೆ ಲಾವಂಚ ಸಾಲದು. ಮೆಟ್ಟಿಲು ಮೆಟ್ಟಿಲಾಗಿ ತೆಗೆಸಬೇಕು, ಇಲ್ಲವೇ ನೀರು ಹೊರಗೆ ಬರಲು ಪೈಪ್ ಇಟ್ಟು ಗೋಡೆ ಕಟ್ಟಿಸಬೇಕು. ಇದಕ್ಕೆ ಎಂಜಿನಿಯರ್‌ಗೆ ಕೊಡುವ ದುಡ್ಡು ದಂಡ ಅಲ್ಲ.

ಬಾವಿ ಇದ್ದರೆ ತಾರಸಿ ನೀರನ್ನು ಜಲ್ಲಿ, ಮರಳು, ಇದ್ದಲಿನಲ್ಲಿ ಸೋಸಿ ಬಾವಿಗೆ ಬಿಡಿ. ಮೊದಲ ಮಳೆಯ ಕೊಳಕು ನೀರು ಹೊರಗೆ ಹೋಗಲಿ.

ಸುರತ್ಕಲ್‌ನಿಂದ:
ಲಾನ್ ಆಸೆ ಇದ್ದರೆ ಚಾಪೆಯಷ್ಟು ಜಾಗಕ್ಕೆ ಸಾಕು. ಏಪ್ರಿಲ್, ಮೇನಲ್ಲಿ ಬಾವಿ ತಳ ಕಾಣುವಾಗ ಹುಲ್ಲಿಗೆ ನೀರು ಬಿಡಲು ಮನಸ್ಸು ಬರುವುದಿಲ್ಲ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ನೀರು ನಿಂತು ಅದೇ ಹುಲ್ಲು ಕೊಳೆಯುತ್ತದೆ. ಇಂಟರ್‌ಲಾಕ್ ಕಾರಿನ ಜಾಗಕ್ಕೆ ಮಾತ್ರ ಹಾಕಿಸಿ. ಜುಲೈಯಲ್ಲಿ ಪಾಚಿ ಕಟ್ಟಿದರೆ ಮನೆಯ ಹಿರಿಯರು ಅದರ ಮೇಲೆ ನಡೆಯುವುದು ಕಷ್ಟ. ನಮ್ಮದು ಸಮುದ್ರದ ಬದಿ, ಉಪ್ಪು ಗಾಳಿಗೆ ಎಲೆ ಸುಡುತ್ತದೆ. ಹಾಗಾಗಿ ಗಾಳಿ ಬರುವ ಕಡೆ ಸುರಹೊನ್ನೆ, ಅದರ ಮರೆಯಲ್ಲಿ ಉಳಿದ ಗಿಡ. ಬ್ರಹ್ಮಾವರದ ಒಳಗೆ ಆದರೆ ನಿಮಗೆ ಇದು ಬೇಕಾಗಲಿಕ್ಕಿಲ್ಲ.

ವಿಟ್ಲದಿಂದ:
ಮುರಕಲ್ಲಿನಲ್ಲಿ ತೆಂಗಿಗೆ ಸಣ್ಣ ಹೊಂಡ ಸಾಲದು. ಉದ್ದ, ಅಗಲ, ಆಳ 1.2 ಮೀಟರ್ ಬೇಕು. ನೆಡುವ ಆರು ತಿಂಗಳು ಮುಂಚೆ ಹೊಂಡದ ಅಡಿಗೆ 2 ಕಿಲೋ ಉಪ್ಪು ಹಾಕಿದರೆ ಕಲ್ಲು ಮೆತ್ತಗಾಗುತ್ತದೆ. ಗಿಡದಿಂದ ಗಿಡಕ್ಕೆ 7.5 ಮೀಟರ್. 15 ಸೆಂಟ್ಸ್‌ನಲ್ಲಿ ಮನೆ ಕಳೆದು ಎಷ್ಟು ಹಿಡಿಯುತ್ತದೆ, ನೀವೇ ಅಳೆದು ನೋಡಿ.

ಪುನರ್ಪುಳಿ (ಕೋಕಂ) ಹಾಕುವುದಾದರೆ ಕಸಿ ಗಿಡವೇ ತನ್ನಿ. ಬೀಜದ ಗಿಡ ಗಂಡಾದರೆ ವರ್ಷಗಟ್ಟಲೆ ಕಾದರೂ ಹಣ್ಣಿಲ್ಲ.

ಪ್ರಶ್ನೆ ಕೇಳಿದವರು:
ಇಂಟರ್‌ಲಾಕ್ ಕಾರಿಗೆ ಮಾತ್ರ ಅಂತ ಆಯಿತು. ಧರೆಗೆ ಎಂಜಿನಿಯರ್ ಕರೆಸುತ್ತೇನೆ. ತೆಂಗು ಕಂಪೌಂಡ್ ಬದಿಯಲ್ಲೇ ನೆಡಬಹುದಾ?

ವಿಟ್ಲದಿಂದ:
ಬೇಡ. ಬೆಳಕಿಗೆ ಹೊರಗೆ ಬಾಗುತ್ತದೆ. ಕಾಯಿ ಆಚೆ ಮನೆಯ ಹಂಚಿಗೆ ಬಿದ್ದರೆ ಜಗಳ. ಬೇಲಿ ಬದಿಗೆ ಕೇಪುಳ, ದಾಸವಾಳ ಹಾಕಿ, ದೇವರಿಗೆ ಹೂವೂ ಆಯಿತು. ಅಡುಗೆಮನೆ ನೀರು ಹೋಗುವಲ್ಲಿ ಒಂದು ಬಸಳೆ ಚಪ್ಪರ ಮರೆಯಬೇಡಿ.