ಗ್ರಾಹಕಕ್ಕೆ ಅಂಟಿಕೊಂಡ ಮಾತ್ರಕ್ಕೆ ವೈರಸ್ ಮನುಷ್ಯರಲ್ಲಿ ಹರಡಬಲ್ಲುದೇ?

ಪ್ರಶ್ನೆ

ಬಾವಲಿಗಳಲ್ಲಿ ಪತ್ತೆಯಾದ ವೈರಸ್ಸೊಂದರ ಮೇಲ್ಮೈ ಪ್ರೋಟೀನು ಮಾನವ ಜೀವಕೋಶದ ಗ್ರಾಹಕಕ್ಕೆ (ವೈರಸ್ ಹಿಡಿದುಕೊಳ್ಳುವ ಅಣುವಿಗೆ, ಅಂದರೆ ರಿಸೆಪ್ಟರ್‌ಗೆ) ಅಂಟಿಕೊಳ್ಳುತ್ತದೆ ಎಂಬ ವರದಿ ಬಂದಾಗಲೆಲ್ಲ ಅದನ್ನು ಮುಂದಿನ ಮಹಾಮಾರಿಯ ಮುನ್ಸೂಚನೆ ಎಂದೇ ಬಿಂಬಿಸಲಾಗುತ್ತದೆ. ಆದರೆ 1998–99ರಲ್ಲಿ ಮಲೇಷ್ಯಾದಲ್ಲಿ ಕಾಣಿಸಿಕೊಂಡ ನಿಫಾ ವೈರಸ್ ನಮ್ಮ ಜೀವಕೋಶಗಳನ್ನು ಬಿಗಿಯಾಗಿಯೇ ಹಿಡಿಯುತ್ತದೆಯಾದರೂ ಕೋವಿಡ್‌ನಂತೆ ಹರಡಿಲ್ಲ. ಹಾಗಾದರೆ ಈ ಅಂಟುವಿಕೆಗೆ ಎಷ್ಟು ಮಹತ್ವ ಕೊಡಬೇಕು?

ಉತ್ತರ 1

ಅಂಟಿಕೊಳ್ಳದೆ ಸೋಂಕಿಲ್ಲ, ನಿಜ. ಆದರೆ ಅಷ್ಟೇ ಸಾಲದು. ನಿಫಾದ ಮೇಲ್ಮೈಯಲ್ಲಿರುವ ಜಿ ಪ್ರೋಟೀನು ಹಿಡಿಯುವ ಎಫ್ರಿನ್-ಬಿ2 ಗ್ರಾಹಕವು ಸಸ್ತನಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುವುದರಿಂದ, ಬಾವಲಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ ದಾಟುವಾಗ ವೈರಸ್ಸಿಗೆ ಬೇರೆ ಬೀಗದಕೈ ಬೇಕಾಗಲಿಲ್ಲ. ಈ ಗ್ರಾಹಕ ರಕ್ತನಾಳಗಳ ಒಳಪದರದಲ್ಲೂ ನರಕೋಶಗಳಲ್ಲೂ ಇದೆ. ನಿಫಾ ತರುವ ಮಿದುಳಿನ ಉರಿಯೂತಕ್ಕೂ ಇದಕ್ಕೂ ನೇರ ಸಂಬಂಧವಿದೆ. ಹರಡುವಿಕೆಯ ಮಾತು ಬಂದಾಗ ಗ್ರಾಹಕ ದೇಹದಲ್ಲಿ ಎಲ್ಲಿದೆ ಎಂಬುದನ್ನೂ ಕೇಳಬೇಕು. ಎಚ್5ಎನ್1 ಹಕ್ಕಿಜ್ವರದ ವೈರಸ್ಸಿನ ಮೇಲ್ಮೈ ಪ್ರೋಟೀನಾದ ಹಿಮಾಗ್ಲುಟಿನಿನ್, ಗ್ರಾಹಕವಾಗಿ ಜೀವಕೋಶದ ಮೇಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಆಲ್ಫಾ-2,3 ಬಂಧದ ರೂಪಕ್ಕೆ ಒಲಿಯುತ್ತದೆ, ನಮ್ಮ ಮೇಲಿನ ಶ್ವಾಸಮಾರ್ಗದಲ್ಲಿ ಹೆಚ್ಚಾಗಿರುವುದು ಆಲ್ಫಾ-2,6 ಬಂಧದ ರೂಪ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ಸೋಂಕು ತಗುಲಿ 6 ಮಂದಿ ಸತ್ತರೂ ಸೋಂಕಿನ ಸರಪಳಿ ಬೆಳೆಯದಿರಲು ಇದೊಂದು ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ.

ಉತ್ತರ 2

ಅಂಟಿದ ಮೇಲೆ ವೈರಸ್ಸಿನ ಪೊರೆ ಜೀವಕೋಶದ ಪೊರೆಯೊಡನೆ ಬೆಸೆಯಬೇಕು, ಅದಕ್ಕೆ ಮೊದಲು ಮೇಲ್ಮೈ ಪ್ರೋಟೀನನ್ನು ನಮ್ಮದೇ ಕಿಣ್ವಗಳು ಕತ್ತರಿಸಬೇಕು. ಕೋವಿಡ್ ವೈರಸ್ಸಿನ ಮೇಲ್ಮೈ ಪ್ರೋಟೀನಾದ ಸ್ಪೈಕ್‌ನಲ್ಲಿ ನಮ್ಮ ಫ್ಯೂರಿನ್ ಎಂಬ ಕಿಣ್ವ ಕತ್ತರಿಸಬಲ್ಲ ತಾಣವಿದೆ. 2003ರ ಸಾರ್ಸ್ ವೈರಸ್ಸೂ ಕೋವಿಡ್ ವೈರಸ್ ಬಳಸುವ ಎಸಿಇ2 ಗ್ರಾಹಕವನ್ನೇ ಬಳಸಿತಾದರೂ ಅದರಲ್ಲಿ ಈ ತಾಣವಿರಲಿಲ್ಲ. ಎಬೋಲಾದ ಸಂಗತಿ ಇನ್ನೂ ವಿಶಿಷ್ಟ: ಅದರ ನಿಜವಾದ ಗ್ರಾಹಕ ಎನ್‌ಪಿಸಿ1 ಇರುವುದು ಜೀವಕೋಶದ ಒಳಗಿನ ಪುಟ್ಟ ಪೊರೆಚೀಲಗಳಲ್ಲಿ, ಮತ್ತು ಅಲ್ಲಿನ ಕ್ಯಾಥೆಪ್ಸಿನ್ ಕಿಣ್ವಗಳು ಪ್ರೋಟೀನಿನ ಸಕ್ಕರೆ ಹೊದಿಕೆಯನ್ನು ಕಳಚಿದ ಮೇಲಷ್ಟೇ ಅದು ಅಂಟಿಕೊಳ್ಳಬಲ್ಲುದು. ಹೊರಮೈಯ ಅಂಟುವಿಕೆಯನ್ನಷ್ಟೇ ಅಳೆಯುವ ಪರೀಕ್ಷೆಗೆ ಇದು ಗೋಚರಿಸುವುದೇ ಇಲ್ಲ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಇಂಥ ಅಧ್ಯಯನಗಳನ್ನು ಕೇವಲ ಭವಿಷ್ಯ ನುಡಿಯುವ ಸಾಧನವಾಗಿ ನೋಡಿ ಕಡೆಗಣಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ಬೆಸುಗೆಗೆ ಮುನ್ನ ಸ್ಪೈಕ್ ಇರುವ ರೂಪವನ್ನು ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಎರಡು ಕಡೆ ಸೇರಿಸಿ ಸ್ಥಿರಗೊಳಿಸುವ ವಿಧಾನವನ್ನು 2017ರಲ್ಲೇ ಮರ್ಸ್ ಎಂಬ ಇನ್ನೊಂದು ಕೊರೊನಾ ವೈರಸ್ಸಿನ ಸ್ಪೈಕ್‌ನ ಮೇಲೆ ತೋರಿಸಲಾಗಿತ್ತು. ಮರ್ಸ್ ಮಹಾಮಾರಿಯಾಗಲಿಲ್ಲ, ಆದರೂ ಆ ತಿಳಿವಳಿಕೆ ಸಿದ್ಧವಿದ್ದುದರಿಂದಲೇ 2020ರಲ್ಲಿ ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಸ್ಪೈಕ್ ವಿನ್ಯಾಸ ಅಷ್ಟು ಬೇಗ ಸಾಧ್ಯವಾಯಿತು.