ಪಾದಯಾತ್ರೆಗೆ ಮೊದಲು ಕಾಲಿನ ಜಡ್ಡು ತೆಗೆಯಬೇಕೇ, ಉಳಿಸಿಕೊಳ್ಳಬೇಕೇ?

ತುಂಗಾತೀರ (ತೀರ್ಥಹಳ್ಳಿ), ಪ್ರಶ್ನೆ:

ಶಿವರಾತ್ರಿಗೆ ನಮ್ಮೂರಿನ ತಂಡದೊಂದಿಗೆ ಕೊಪ್ಪ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ನಡೆದು ಹೋಗುವವನಿದ್ದೇನೆ. ವರ್ಷವಿಡೀ ಅಡಿಕೆ ತೋಟದಲ್ಲಿ ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ಓಡಾಡುವುದರಿಂದ ಹಿಮ್ಮಡಿಯ ಅಂಚು ಮತ್ತು ಹೆಬ್ಬೆರಳಿನ ಬುಡದ ಚರ್ಮ ದಪ್ಪಗೆ ಜಡ್ಡುಗಟ್ಟಿದೆ. ಹಿಮ್ಮಡಿಯಲ್ಲಿ ಒಂದೆರಡು ಸೀಳುಗಳೂ ಇವೆ. ಜಡ್ಡು ಇದ್ದಷ್ಟೂ ಬೊಬ್ಬೆ ಏಳುವುದಿಲ್ಲ, ಹಾಗೇ ಬಿಡು ಎಂದು ತಂಡದ ಹಿರಿಯರು ಹೇಳುತ್ತಾರೆ. ಬ್ಲೇಡಿನಿಂದ ಹೆರೆದು ಹಾಕಿಯೇ ಹೊರಡಬೇಕೆಂಬುದು ಭಾವನವರ ಸಲಹೆ. ಇನ್ನೂ ಆರು ವಾರಗಳ ಕಾಲಾವಕಾಶವಿರುವುದರಿಂದ ಏನು ಮಾಡುವುದು ಸರಿಯೆಂದು ತಿಳಿದವರು ತಿಳಿಸಬೇಕು.

ಶುಶ್ರೂಷಕಿ (ಶಿವಮೊಗ್ಗ), ಉತ್ತರ:

ಮೊದಲು ಬ್ಲೇಡನ್ನು ಪಕ್ಕಕ್ಕಿಡಿ. ಅದರಿಂದ ಹೆರೆಯುವಾಗ ಸತ್ತ ಚರ್ಮ ಎಲ್ಲಿ ಮುಗಿದು ಜೀವಂತ ಚರ್ಮ ಎಲ್ಲಿ ಆರಂಭವಾಯಿತೆಂಬುದು ರಕ್ತ ಬಂದ ಮೇಲೆಯೇ ಗೊತ್ತಾಗುವುದು. ಉಜ್ಜಾಟ ಮತ್ತು ಒತ್ತಡದಿಂದ ಕಾಪಾಡಿಕೊಳ್ಳಲು ಚರ್ಮ ತಾನೇ ಬೆಳೆಸಿಕೊಂಡ ಕವಚ ಈ ಜಡ್ಡು. ಆದ್ದರಿಂದ ಅದನ್ನು ಪೂರ್ತಿ ಕಿತ್ತುಹಾಕಿದರೆ ಅಡಿಯ ಎಳೆಯ ಚರ್ಮಕ್ಕೆ ನೇರವಾಗಿ ಪೆಟ್ಟು ಬೀಳುತ್ತದೆ. ಹಾಗೆಂದು ದಪ್ಪವಾಗಿ, ಒಣಗಿ, ಗಡುಸಾದ ಜಡ್ಡನ್ನು ಹಾಗೆಯೇ ಬಿಡುವುದೂ ತರವಲ್ಲ. ಅದು ಬಾಗುವುದಿಲ್ಲ, ಮೆತ್ತಗಿನ ಚರ್ಮ ಸೇರುವ ಅಂಚಿನಲ್ಲಿ ಹೆಜ್ಜೆಹೆಜ್ಜೆಗೂ ಜಗ್ಗಾಟ ನಡೆದು ಸೀಳು ಬಿಡುತ್ತದೆ, ಇಲ್ಲವೇ ಜಡ್ಡಿನ ಅಡಿಯಲ್ಲೇ ಆಳವಾದ ಬೊಬ್ಬೆ ಏಳುತ್ತದೆ. ಹಾಗೆ ಒಳಗೆ ಎದ್ದ ಬೊಬ್ಬೆಯ ನೀರು ತೆಗೆಯುವುದು ಬಹಳ ಕಷ್ಟ, ನೋವೂ ಹೆಚ್ಚು.

ಆದಕಾರಣ ಜಡ್ಡು ತೆಳುವಾಗಿ, ಮೆದುವಾಗಿ ಉಳಿಯಬೇಕು. ವಾರಕ್ಕೆ ಎರಡು ಮೂರು ಸಲ ಸ್ನಾನದ ನಂತರ ಉಜ್ಜುವ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ತಿಕ್ಕಿ, ರಾತ್ರಿ ಮಲಗುವಾಗ 10ರಿಂದ 25 ಪ್ರತಿಶತ ಯೂರಿಯಾ ಇರುವ ಕ್ರೀಮನ್ನು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬೆರಳ ಸಂದಿಗೆ ಹಚ್ಚಬೇಡಿ. ಅಲ್ಲಿ ತೇವ ನಿಂತರೆ ಮಳೆಗಾಲದ ಕೆಸರುಹುಣ್ಣು ಬೇಸಿಗೆಯಲ್ಲೂ ಮರುಕಳಿಸುತ್ತದೆ. ಹೊರಡುವ ಒಂದು ವಾರ ಮೊದಲೇ ತಿಕ್ಕುವುದನ್ನು ನಿಲ್ಲಿಸಿ.

ಕೊಟ್ಟಿಗೆಹಾರದವ, ಉತ್ತರ:

ಮೇಲಿನವರು ಹೇಳಿದ ಕ್ರೀಮಿನ ಜೊತೆಗೆ, ಹಿಮ್ಮಡಿಯ ಸೀಳಿಗೆ ನಮ್ಮ ಕಡೆಯ ಮುರುಗಲ ತುಪ್ಪವನ್ನೂ (ಮುರುಗಲು ಅಥವಾ ಪುನರ್ಪುಳಿ ಹಣ್ಣಿನ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡು) ಹಚ್ಚಬಹುದು. ಗಟ್ಟಿಯಾದ ಆ ಬಿಳಿ ಉಂಡೆಯನ್ನು ಬೆಂಕಿಯ ಹತ್ತಿರ ಹಿಡಿದು ಕರಗಿಸಿ ಸೀಳಿನೊಳಕ್ಕೆ ಇಳಿಸಿದರೆ ಅದು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಬಿಸಿ ಮಾತ್ರ ಹದವಾಗಿರಲಿ.

ಆದರೆ ನನ್ನ ದೃಷ್ಟಿಯಲ್ಲಿ ಜಡ್ಡಿಗಿಂತ ಬೂಟಿನ ವಿಚಾರ ದೊಡ್ಡದು. ಬರಿಗಾಲಿಗೆ ಒಗ್ಗಿದ ಪಾದದ ಜಡ್ಡು ನೆಲ ತಾಗುವಲ್ಲಿದೆಯೇ ಹೊರತು ಬೂಟು ಉಜ್ಜುವ ಹಿಮ್ಮಡಿಯ ಹಿಂಭಾಗದಲ್ಲಿಲ್ಲ. ಬೊಬ್ಬೆ ಏಳುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಯಾತ್ರೆಗೆ ಹಾಕುವ ಬೂಟನ್ನೇ ಈಗಿನಿಂದ ಹಾಕಿಕೊಂಡು ನಡೆಯಿರಿ. ನಡೆದಂತೆ ಕಾಲು ಊದುವುದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋಗಿ, ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯುವಂತೆ ಆರಿಸಿ. ಘಾಟಿ ಇಳಿಯುವಾಗ ಬೆರಳುಗಳು ಮುಂದಕ್ಕೆ ಜಾರಿ ಗುದ್ದುತ್ತವೆ, ಉಗುರು ಕಪ್ಪಾಗುವುದು ಅದರಿಂದಲೇ. ಇಳಿಜಾರಿಗೆ ಮೊದಲು ಪಾದದ ಮೇಲ್ಭಾಗದ ಲೇಸನ್ನು ಬಿಗಿದುಕೊಳ್ಳಿ. ಉಗುರನ್ನು ನಾಲ್ಕೈದು ದಿನ ಮುಂಚಿತವಾಗಿ, ಮೂಲೆ ಕೆತ್ತದೆ ನೇರವಾಗಿ ಕತ್ತರಿಸಿ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ನಮ್ಮ ಅಣ್ಣನವರೂ ಬರುತ್ತಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯಿದೆ, ಅಂಗಾಲಿನಲ್ಲಿ ಒಂದು ಆಣಿಯೂ ಇದೆ. ಔಷಧದಂಗಡಿಯಲ್ಲಿ ಸಿಗುವ ಆಣಿಪಟ್ಟಿ ಹಚ್ಚಬಹುದೇ?

ಶುಶ್ರೂಷಕಿ (ಶಿವಮೊಗ್ಗ):

ಖಂಡಿತ ಬೇಡ. ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ 40 ಪ್ರತಿಶತದಷ್ಟು ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಅದು ಆಣಿಯ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಆ ಗಾಯ ಬೇಗ ಮಾಯುವುದಿಲ್ಲ. ಬಚ್ಚಲ ಹಂಡೆಯ ಸುಡುನೀರಿನಲ್ಲಿ ಕಾಲು ನೆನೆಸುವುದೂ ಬೇಡ. ಈ ವಾರವೇ ವೈದ್ಯರಲ್ಲಿಗೆ ಕರೆದೊಯ್ದು ಪಾದದ ಸ್ಪರ್ಶಜ್ಞಾನ ಮತ್ತು ರಕ್ತಸಂಚಾರವನ್ನು ಪರೀಕ್ಷೆ ಮಾಡಿಸಿ. ನಡೆಯಬಹುದೇ ಎಂಬುದನ್ನು ಅವರೇ ನಿರ್ಧರಿಸಲಿ. ಒಪ್ಪಿಗೆ ಸಿಕ್ಕಿ ಹೊರಟರೆ, ಬರಿಗಾಲಿನ ಹರಕೆಯಿದ್ದರೂ ಬಿಸಿ ಟಾರು ರಸ್ತೆಯಲ್ಲಿ ಪಾದರಕ್ಷೆ ಬಿಡಬಾರದು, ಹಾಗೂ ಪ್ರತಿ ತಂಗುದಾಣದಲ್ಲೂ ಟಾರ್ಚ್ ಹಿಡಿದು ಅವರ ಅಂಗಾಲನ್ನು ನೀವೇ ನೋಡಬೇಕು, ಏಕೆಂದರೆ ಸ್ಪರ್ಶಜ್ಞಾನ ಕುಂದಿದ್ದರೆ ಬೊಬ್ಬೆ ಒಡೆದದ್ದೂ ಅವರ ಗಮನಕ್ಕೆ ಬಾರದಿರಬಹುದು.